ಎಡಗಾಲಿಗೆ ಗೊತ್ತಿರುವ ಊರು

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನನ್ನ ಹೆಂಡತಿ. ಮದುವೆಯಾದಾಗಿನಿಂದಲೂ ಹಾಗೇ. ನಾನು ಎಡಗಡೆ ಕೂತು ದಾರಿ ಹೇಳುವವನು. ಟೋಲ್ ಹತ್ತಿರ ಬಂದಾಗ ಚಿಲ್ಲರೆ ಎಣಿಸಿ ಕೊಡುವ ಕೆಲಸವೂ ನನ್ನದೇ ಇತ್ತು, ಫಾಸ್ಟ್ಯಾಗ್ ಬಂದು ಅದನ್ನೂ ಕಿತ್ತುಕೊಂಡಿತು. ಕಲ್ಯಾಣ ಮಂಟಪದ ಮುಂದೆ ಅವಳು ಬಲಗಡೆಯಿಂದ ಇಳಿಯುತ್ತಾಳೆ. ಪಾರ್ಕಿಂಗ್ ಹುಡುಗ ಅವಳನ್ನು ದಾಟಿ, ಕಾರನ್ನು ಅರ್ಧ ಸುತ್ತು ಹಾಕಿ, ನನ್ನ ಹತ್ತಿರ ಬಂದು "ಕೀ ಕೊಡಿ ಸಾರ್" ಅನ್ನುತ್ತಾನೆ. ನಾನು ಅವಳ ಕಡೆ ತೋರಿಸುತ್ತೇನೆ. ಆಗ ಆ ಹುಡುಗ ನನ್ನನ್ನು ಒಂದು ಥರ ನೋಡುತ್ತಾನಲ್ಲ, ಆ ನೋಟಕ್ಕೆ 15 ವರ್ಷದಲ್ಲಿ ಒಗ್ಗಿಹೋಗಿದ್ದೆ.

ಕಲಿಯುವ ದರ್ದು ಇರಲಿಲ್ಲ. ಗೇರಿಲ್ಲದ ಸ್ಕೂಟರ್ ಇತ್ತು, ಬಸ್ಸಿತ್ತು, ಆಮೇಲೆ ಬನಶಂಕರಿಗೆ ಮೆಟ್ರೋ ಬಂತು. ಹೋದ ವರ್ಷ ಮಳೆಗಾಲದಲ್ಲಿ ಅವಳು ಮೆಟ್ಟಿಲ ಮೇಲೆ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಎಡಗೈ ಇಲ್ಲದೆ ಗೇರು ಹಾಕುವ ಹಾಗಿಲ್ಲ. ನಮ್ಮ ಹಳೇ ವ್ಯಾಗನ್ ಆರ್ ಗೇಟಿನೊಳಗೆ ನಿಂತು ಮೈಮೇಲೆ ಹೊಂಗೆ ಎಲೆ ಬೀಳಿಸಿಕೊಳ್ಳತೊಡಗಿತು. ಅಷ್ಟರಲ್ಲಿ ಹನುಮಂತನಗರದಲ್ಲಿರುವ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ದಿನ ಬಂತು. ಬುಕ್ ಮಾಡಿದ ಮೂರು ಆಟೋ ಕ್ಯಾನ್ಸಲ್ ಆದವು. ನಾಲ್ಕನೆಯದು ಬಂತು. ಅಪ್ಪ ಮಂಡಿ ಹಿಡಿದುಕೊಂಡು, ಬಗ್ಗಲಾರದೆ ಬಗ್ಗಿ ಒಳಗೆ ಹತ್ತಿದರು. ಅವತ್ತು ಸಂಜೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ದುಡ್ಡು ಕಟ್ಟಿ ಬಂದೆ. ವಯಸ್ಸು 43.

ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು. "ಈಗ ಯಾರು ಗೇರ್ ಗಾಡಿ ಕಲೀತಾರೆ? ಆಟೋಮ್ಯಾಟಿಕ್ ತಗೊಳ್ಳಿ, ಎರಡು ದಿನದ ಕೆಲಸ." ಇರಬಹುದು. ಆದರೆ ಗೇಟಿನೊಳಗೆ ನಿಂತಿದ್ದ ಕಾರಿಗೆ ಗೇರಿತ್ತು. ನನ್ನ ಆಯ್ಕೆಯ ಹಿಂದೆ ಅದಕ್ಕಿಂತ ದೊಡ್ಡ ವಿಚಾರ ಏನೂ ಇರಲಿಲ್ಲ.

ಮೊದಲು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸು. ರಸ್ತೆಯ ಚಿಹ್ನೆಗಳ ಪ್ರಶ್ನೆಗೆ ಉತ್ತರ ಒತ್ತಿ ಪಾಸಾದೆ. ಆ ಲೈಸೆನ್ಸು 6 ತಿಂಗಳು ಬಾಳುತ್ತದೆ, 30 ದಿನ ಕಳೆಯುವವರೆಗೆ ಡಿಎಲ್, ಅಂದರೆ ಪಕ್ಕಾ ಲೈಸೆನ್ಸಿನ ಟೆಸ್ಟಿಗೆ ಹೋಗುವ ಹಾಗಿಲ್ಲ. ಬಿಳಿ ಹಲಗೆಯ ಮೇಲೆ ಕೆಂಪು ಎಲ್, ಹಿಂದೊಂದು ಮುಂದೊಂದು. ಪಕ್ಕದಲ್ಲಿ ಡಿಎಲ್ ಇರುವವರು ಕೂತಿರಲೇಬೇಕು. ಇಷ್ಟೇ.

ಕಲಿಸಲು ಬಂದವರಿಗೆ ಅರವತ್ತರ ಹತ್ತಿರ. 20 ವರ್ಷ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು. ಎಲ್ಲರೂ ಮೇಷ್ಟ್ರೇ ಅಂತಿದ್ದರು, ನಾನೂ ಹಾಗೇ ಕರೆದೆ. ಬೆಳಿಗ್ಗೆ ಆರೂಕಾಲಿಗೆ ಬನಶಂಕರಿ ಎರಡನೇ ಹಂತದ ಒಳರಸ್ತೆಗಳಲ್ಲಿ ಪಾಠ. "ಬಲಗಡೆಯಿಂದ ಎ, ಬಿ, ಸಿ. ಆಕ್ಸಿಲರೇಟರ್, ಬ್ರೇಕು, ಕ್ಲಚ್ಚು. ಬಲಗಾಲು ಎರಡು ಕೆಲಸ ಮಾಡುತ್ತೆ. ಎಡಗಾಲಿಗೆ ಒಂದೇ ಕೆಲಸ. ಅದನ್ನ ಸರಿಯಾಗಿ ಮಾಡಿದ್ರೆ ಸಾಕು ಸಾರ್" ಅಂದರು. ಒಂದೇ ಕೆಲಸ ತಾನೇ ಅಂದುಕೊಂಡೆ. ಕ್ಲಚ್ ಒತ್ತಿ, ಫಸ್ಟ್ ಹಾಕಿ, ಕಾಲು ಬಿಟ್ಟೆ. ಕಾರು ಕುದುರೆ ಒದ್ದ ಹಾಗೆ ಮುಂದಕ್ಕೆ ಒಂದು ಜಿಗಿತ ಜಿಗಿದು ಆಫ್ ಆಯಿತು. ರಸ್ತೆ ಬದಿಯ ನಾಯಿ ಎದ್ದು ಎದುರು ಫುಟ್‌ಪಾತಿಗೆ ಹೋಗಿ ಮಲಗಿತು.

ಮೊದಲ ವಾರ ನನಗೆ ಅರ್ಥವಾಗದೆ ಉಳಿದದ್ದು ಈ ಆಫ್ ಆಗುವ ವಿಷಯ. ಒಂದು ದಿನ ಪಾಠ ಮುಗಿದ ಮೇಲೆ ದರ್ಶಿನಿಯಲ್ಲಿ ಇಡ್ಲಿ ತಿನ್ನುತ್ತಾ ಕೇಳಿಯೇಬಿಟ್ಟೆ. ಮೇಷ್ಟ್ರು ಎರಡು ಖಾಲಿ ಸ್ಟೀಲ್ ತಟ್ಟೆ ಎತ್ತಿಕೊಂಡು ಎದುರುಬದುರಾಗಿ ಹಿಡಿದರು.

"ಇದು ಇಂಜಿನ್ ಕಡೇದು. ಕೀ ತಿರುಗಿಸಿದ ಮೇಲೆ ತಿರುಗ್ತಾನೇ ಇರುತ್ತೆ. ಇದು ಚಕ್ರದ ಕಡೇದು, ಸುಮ್ನೆ ನಿಂತಿದೆ. ಈಗ ತಿರುಗೋದನ್ನ ನಿಂತಿರೋದಕ್ಕೆ ಪಟ್ ಅಂತ ಒತ್ತಿದ್ರೆ?" ಎರಡನ್ನೂ ಬಡಿದರು. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದವರು ತಿರುಗಿ ನೋಡಿದರು. "ಆಫ್! ಅದಕ್ಕೇ ಸವರಬೇಕು. ಸವರ್ತಾ ಸವರ್ತಾ ನಿಂತಿರೋದು ಅದರ ಜೊತೆ ತಿರುಗೋಕೆ ಶುರು ಮಾಡುತ್ತೆ. ಆ ಸವರೋ ಜಾಗಾನೇ ಹಾಫ್ ಕ್ಲಚ್ಚು." ಒಂದು ತಟ್ಟೆಯ ಚಟ್ನಿ ಇನ್ನೊಂದಕ್ಕೆ ಹತ್ತಿತ್ತು. ಮೇಷ್ಟ್ರು ಅದನ್ನು ತೋರಿಸಿ, "ಹಿಂಗೇ ಪ್ಲೇಟು ಸವೆಯೋದು" ಅಂದರು.

ಆಮೇಲೆ ಮನೆಯಲ್ಲಿ ಕೂತು ಚಿತ್ರಗಳನ್ನು ನೋಡಿದೆ. ಇಂಜಿನ್ ಜೊತೆ ತಿರುಗುವ ಫ್ಲೈವೀಲ್, ಅದಕ್ಕೆ ಅಂಟಿ ಕೂರುವ ಕ್ಲಚ್ ಪ್ಲೇಟ್, ಹಿಂದಿನಿಂದ ಒತ್ತುವ ಪ್ರೆಷರ್ ಪ್ಲೇಟ್. ಪೆಡಲ್ ಒತ್ತಿದರೆ ಫ್ಲೈವೀಲೂ ಕ್ಲಚ್ ಪ್ಲೇಟೂ ಬೇರೆಯಾಗುತ್ತವೆ, ಬಿಟ್ಟರೆ ಕೂಡುತ್ತವೆ. ಇಡ್ಲಿ ತಟ್ಟೆಯಲ್ಲಿ ಇಲ್ಲದ್ದು ಹೊಸದೇನೂ ಸಿಗಲಿಲ್ಲ. ಒಂದು ವಿಷಯ ಮಾತ್ರ ತಲೆಯಲ್ಲಿ ಉಳಿಯಿತು. ಪೆಟ್ರೋಲ್ ಇಂಜಿನ್ ಕಾರು ನಿಂತಾಗಲೂ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಅದಕ್ಕಿಂತ ತೀರಾ ಕೆಳಗೆ ಇಳಿಸಿದರೆ ಉಸಿರುಕಟ್ಟಿ ನಿಲ್ಲುತ್ತದೆ. ಸೊನ್ನೆಯಿಂದ ಎಳೆಯುವ ತಾಕತ್ತು ಅದಕ್ಕಿಲ್ಲ. ಚಕ್ರವೋ, ಸೊನ್ನೆಯಿಂದಲೇ ಶುರು ಮಾಡಬೇಕು. ಒಬ್ಬರು ಓಡುತ್ತಲೇ ಇರುವವರು, ಇನ್ನೊಬ್ಬರು ಕೂತೇ ಇರುವವರು. ಇವರಿಬ್ಬರ ಜಗಳ ಬಿಡಿಸುವ ಕೆಲಸ ಎಡಗಾಲಿನದು. ಫಸ್ಟ್ ಗೇರಲ್ಲಿ ಇಂಜಿನ್ ಮೂರು ಮೂರೂವರೆ ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಆಚೆ ಬರುವುದು ಒಂದು ಸುತ್ತು. ವೇಗ ಕಮ್ಮಿ, ಎಳೆತ ಜಾಸ್ತಿ. ಟಾಪ್ ಗೇರಿಗೆ ಬರುವ ಹೊತ್ತಿಗೆ ಇದು ಉಲ್ಟಾ.

ಎಂಟನೇ ದಿನವೋ ಒಂಬತ್ತನೇ ದಿನವೋ. ಒಂದು ರಸ್ತೆಯ ಮಧ್ಯದಲ್ಲಿ ಮೇಷ್ಟ್ರು ಕಾರು ನಿಲ್ಲಿಸಲು ಹೇಳಿದರು.

"ಇದು ಅಪ್ಪೋ, ಡೌನೋ?"

ನನಗೆ ಕಂಡದ್ದು ಮಟ್ಟಸವಾದ ರಸ್ತೆ. "ಪ್ಲೇನ್ ಮೇಷ್ಟ್ರೇ" ಅಂದೆ.

ಅವರು ಮುಂದಿನ ಮನೆಯ ಕಡೆ ಗದ್ದ ಎತ್ತಿ ತೋರಿಸಿದರು. ಒಬ್ಬ ಹೆಂಗಸು ಬಾಗಿಲಿಗೆ ನೀರು ಹಾಕಿ, ಗುಡಿಸಿ, ರಂಗೋಲಿ ಬಿಡಲು ಕೂತಿದ್ದರು. ಚೆಲ್ಲಿದ ನೀರು ಗೇಟು ದಾಟಿ ಟಾರಿನ ಮೇಲೆ ಬೆರಳಗಲದ ಗೆರೆಯಾಗಿ ಬರುತ್ತಿತ್ತು. ಒಂದು ಜಲ್ಲಿಕಲ್ಲಿನ ಹತ್ತಿರ ನಿಂತಿತು. ದಪ್ಪಗಾಯಿತು. ಆಮೇಲೆ ಕಲ್ಲನ್ನು ಬಳಸಿಕೊಂಡು ಮತ್ತೆ ಹೊರಟು, ಒಂದು ಒಣಗಿದ ಎಲೆಯನ್ನು ಎತ್ತಿಕೊಂಡು, ಸೀದಾ ನಮ್ಮ ಬಂಪರಿನ ಕೆಳಗೆ ಬಂದು ಕಾಣೆಯಾಯಿತು.

"ನೀರು ಎದುರಿಗೆ ಬಂದ್ರೆ ಅಪ್ಪು. ನಿಮ್ಮ ಜೊತೆ ಬಂದ್ರೆ ಡೌನು. ಈ ಊರಲ್ಲಿ ಪ್ಲೇನ್ ಅನ್ನೋದೇ ಇಲ್ಲ ಸಾರ್. ಬ್ರೇಕ್ ಬಿಡಿ ನೋಡೋಣ." ಬಿಟ್ಟೆ. ಕಾರು ಮೆಲ್ಲಗೆ, ಕಳ್ಳನ ಹಾಗೆ, ಹಿಂದಕ್ಕೆ ಜಾರಿತು.

ನನಗೆ ನಿಜವಾಗಿ ನಾಚಿಕೆಯಾಯಿತು. ನಾನು ಹನುಮಂತನಗರದಲ್ಲಿ ಬೆಳೆದವನು. ಕುಮಾರಸ್ವಾಮಿ ಗುಡ್ಡ ಒಂದು ಕಡೆ, ರಾಮಾಂಜನೇಯ ಗುಡ್ಡ ಇನ್ನೊಂದು ಕಡೆ. ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಯಾವ ಕ್ರಾಸಿನಲ್ಲಿ ಸೀಟಿನಿಂದ ಎದ್ದು ತುಳಿಯಬೇಕು, ಎಲ್ಲಿ ಇಳಿದು ತಳ್ಳಬೇಕು, ಎಲ್ಲಿ ಕಾಲು ಎತ್ತಿಕೊಂಡರೆ ಮನೆ ಗೇಟಿನವರೆಗೂ ತಾನೇ ಹೋಗುತ್ತದೆ ಅಂತ ತೊಡೆಗೆ ಗೊತ್ತಿತ್ತು. ಗೇರಿಲ್ಲದ ಸ್ಕೂಟರ್ ಬಂದು ಅದನ್ನೆಲ್ಲ ಸಪಾಟು ಮಾಡಿತು. ಕೈ ತಿರುವಿದರೆ ಹೋಗುತ್ತದೆ, ಏರಾದರೆ ಇನ್ನಷ್ಟು ತಿರುವಿದರಾಯಿತು. ಇನ್ನು ಮೆಟ್ರೋದಲ್ಲಿ ಕೂತವನಿಗೆ ಊರಿನ ಏರುಪೇರು ಎಲ್ಲಿಂದ ಗೊತ್ತಾಗಬೇಕು? 20 ವರ್ಷ ನಾನು ಮಟ್ಟಸವಾದ ಬೆಂಗಳೂರಿನಲ್ಲಿ ಓಡಾಡಿಕೊಂಡಿದ್ದೆ.

ಸೈಕಲ್ಲಿಗೂ ಮುಂಚಿನ ಒಂದು ನೆನಪಿದೆ. ಅಪ್ಪನ ಬಜಾಜ್ ಸ್ಕೂಟರ್. ಹಿಡಿಯಲ್ಲೇ ಕ್ಲಚ್ಚು, ಹಿಡಿಯಲ್ಲೇ ಗೇರು, ಸ್ಟಾರ್ಟ್ ಆಗದಿದ್ದರೆ ಓರೆ ಮಾಡಿ ಮಲಗಿಸಿ ಎಬ್ಬಿಸಿ ಕಿಕ್ ಹೊಡೆಯಬೇಕು. ಶನಿವಾರ ಸಂಜೆ ರಾಮಾಂಜನೇಯ ಗುಡ್ಡಕ್ಕೆ ನಾಲ್ಕೂ ಜನ ಹೋಗುತ್ತಿದ್ದೆವು. ಮುಂದೆ ನಿಂತುಕೊಂಡು ನಾನು, ಹಿಂದೆ ಅಮ್ಮ, ಅಮ್ಮನ ತೊಡೆಯ ಮೇಲೆ ತಂಗಿ. ಒಂದು ಕಡಿದಾದ ಏರು ಬರುತ್ತಿತ್ತು. ಅಪ್ಪ ಫಸ್ಟ್ ಗೇರಿಗೆ ತಿರುಗಿಸುತ್ತಿದ್ದರು. ಸ್ಕೂಟರ್ ಅರ್ಧ ಹತ್ತಿ ಗೊರಗೊರ ಅಂದು ಸೋಲುತ್ತಿತ್ತು. ಅಪ್ಪ ಏನೂ ಹೇಳುತ್ತಿರಲಿಲ್ಲ, ಕಾಲು ಊರಿ ನಿಲ್ಲಿಸುತ್ತಿದ್ದರು. ಅಮ್ಮನೂ ಏನೂ ಹೇಳುತ್ತಿರಲಿಲ್ಲ, ತಂಗಿಯನ್ನು ಎತ್ತಿಕೊಂಡು ಇಳಿಯುತ್ತಿದ್ದರು. ನಾನೂ ಅಪ್ಪನೂ ಮೇಲೆ ಹೋಗಿ ಇಂಜಿನ್ ಆಫ್ ಮಾಡದೆ ಕಾಯುತ್ತಿದ್ದೆವು. ಅಮ್ಮ ನಡೆದು ಬರುತ್ತಿದ್ದರು. ಬಂದು, ಸೆರಗು ಸರಿಮಾಡಿಕೊಂಡು, ಮತ್ತೆ ಕೂರುತ್ತಿದ್ದರು. ಪ್ರತಿ ಶನಿವಾರ ಹೀಗೇ. ಸ್ಕೂಟರ್ ಅಂದರೆ ಹೀಗೇ ಇರುತ್ತದೆ ಅಂದುಕೊಂಡಿದ್ದೆ.

ಇರಲಿ, ಕಾರಿನ ಕಥೆಗೆ ಬರುತ್ತೇನೆ. ಹದಿನೈದು ದಿನದ ಪಾಠ ಮುಗಿಯುವ ಹೊತ್ತಿಗೆ ನನಗೆ ಒಳ್ಳೇ ಧೈರ್ಯ ಬಂದಿತ್ತು. ಆಫ್ ಆಗುವುದು ಕಮ್ಮಿಯಾಗಿತ್ತು. ಸಿಗ್ನಲ್ಲಿನಲ್ಲಿ ನಿಂತು ಸಲೀಸಾಗಿ ಹೊರಡುತ್ತಿದ್ದೆ. ಭಾನುವಾರ ನಮ್ಮದೇ ಕಾರು ತೆಗೆದೆ. ಪಕ್ಕದಲ್ಲಿ ಹೆಂಡತಿ, ಎಡಗೈ ಜೋಳಿಗೆಯಲ್ಲಿ, ಬಲಗೈ ಹ್ಯಾಂಡ್ ಬ್ರೇಕಿನ ಮೇಲೆ. ಗೇಟಿನಿಂದ ಮೇನ್ ರೋಡಿನವರೆಗೆ ಇನ್ನೂರು ಮೀಟರ್ ಇರಬೇಕು. ಅಷ್ಟರಲ್ಲಿ ಕಾರು 11 ಸಲ ಆಫ್ ಆಯಿತು. ಎಣಿಸಿದವಳು ಅವಳು.

ಸೋಮವಾರ ಮೇಷ್ಟ್ರಿಗೆ ಹೇಳಿದರೆ ನಕ್ಕು ಪಕ್ಕಕ್ಕೆ ತಿರುಗಿದರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಅವರ ಕಡೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ, ಅದು ನನಗೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಏನೆಂದರೆ, ಹದಿನೈದು ದಿನವೂ ಅವರ ಕಾಲು ಅದರ ಮೇಲೇ ಇತ್ತು. ನಾನು ಸಲೀಸಾಗಿ ಹೊರಟೆ ಅಂದುಕೊಂಡ ಪ್ರತಿ ಸಲವೂ ಹೊರಟವರು ಅವರು. ನೀವೂ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದೂ ಹೆಚ್ಚುಕಮ್ಮಿ ಇದೇ ಕಥೆ ಇರುತ್ತದೆ. "ಇನ್ಮೇಲೆ ನನ್ನ ಕಾಲು ಇಲ್ಲ ಅಂತ ಅಂದ್ಕೊಳ್ಳಿ" ಅಂದರು ಮೇಷ್ಟ್ರು. ನೋಡಿದರೆ ಚಪ್ಪಲಿ ಬಿಟ್ಟು ಸೀಟಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಿದ್ದರು. ಬ್ರೇಕಿನ ಮೇಲೂ ಕಾಲಿಲ್ಲ. ನಿಜವಾದ ಪಾಠ ಶುರುವಾದದ್ದು ಅವತ್ತು.

ಹೆಂಡತಿ ಹತ್ತಿರ ಕಾರು ಕಲಿಯಬಾರದು ಅಂತ ಒಂದು ಮಾತಿದೆ. ಗಂಡನ ಹತ್ತಿರ ಕಲಿಯಬಾರದು ಅಂತಲೂ ಇದೆ, ಜಾಸ್ತಿ ಕೇಳಿಬರುವುದು ಅದೇ. ನಾವು ಕಾಲೇಜಿನಲ್ಲಿ ಒಂದೇ ಕ್ಲಾಸು, ಹಾಗಾಗಿ ಏಕವಚನ. ಸ್ಟೇರಿಂಗ್ ಮುಂದೆ ಕೂತಾಗ ಅದೂ ಸಾಲದೆ ಬರುತ್ತಿತ್ತು. "ಇಂಜಿನ್ ಕೂಗ್ತಿದೆ ಕಣೋ, ಕೇಳಿಸ್ತಿಲ್ವಾ? ಸೆಕೆಂಡ್ ಹಾಕು!" ನನಗೆ ಕೇಳಿಸುತ್ತಿದ್ದದ್ದು ಅವಳ ಕೂಗು ಮಾತ್ರ. ಮೂರು ಭಾನುವಾರ ಕಳೆದ ಮೇಲೆ ಇಂಜಿನ್ನಿನದೂ ಕೇಳತೊಡಗಿತು.

ಡಿಕ್ಕಿಯಾದದ್ದು ನಾಲ್ಕನೇ ಭಾನುವಾರ. ಅಪ್ಪನ ಮನೆ ಕಡೆ ಹೊರಟಿದ್ದೆವು. ಹನುಮಂತನಗರದ ಒಂದು ಏರು ರಸ್ತೆ, ಮೇಲೆ ತಿರುವಿನಲ್ಲಿ ಯಾರೋ ಲಾರಿಯಿಂದ ಮರಳು ಇಳಿಸುತ್ತಿದ್ದರು. ನಿಲ್ಲಿಸಿದೆ. ಹಿಂದೆ ಆಟೋ ಬಂದು ಅಂಟಿಕೊಂಡು ನಿಂತಿತು. ಲಾರಿ ಸರಿಯಿತು. ಬ್ರೇಕಿನಿಂದ ಬಲಗಾಲು ಎತ್ತಿ ಆಕ್ಸಿಲರೇಟರ್ ಮೇಲೆ ಇಡುವ ಆ ಅರ್ಧ ಸೆಕೆಂಡು ಇದೆಯಲ್ಲ, ಅಷ್ಟು ಹೊತ್ತು ಕಾರನ್ನು ಹಿಡಿದಿಡುವವರು ಯಾರೂ ಇಲ್ಲ. ಹಿಂದಕ್ಕೆ ಜಾರಿತು. ಗಾಬರಿಯಲ್ಲಿ ಕ್ಲಚ್ಚು ಪೂರ್ತಿ ಒತ್ತಿದೆ. ಇನ್ನೂ ಜಾರಿತು. ಅವಳು ಹ್ಯಾಂಡ್ ಬ್ರೇಕ್ ಎಳೆಯುವುದಕ್ಕೂ ಹಿಂದಿನಿಂದ ಟಕ್ ಅನ್ನುವುದಕ್ಕೂ ಸರಿಹೋಯಿತು.

ಆಟೋದವರು ಇಳಿದು ಬಂದರು. "ಏನ್ ಸಾರ್, ರಿವರ್ಸ್ ಹಾಕ್ಬಿಟ್ರಾ?" ಎಲ್ ಬೋರ್ಡ್ ನೋಡಿದರು. ಹೆಂಡತಿಯ ಪ್ಲಾಸ್ಟರ್ ನೋಡಿದರು. ಮುಂದಿನ ದೀಪದ ರಿಂಗು ಬಗ್ಗಿತ್ತು. ಐನೂರು ಕೇಳಿ ಮುನ್ನೂರಕ್ಕೆ ಒಪ್ಪಿದರು. ದುಡ್ಡು ಜೇಬಿಗೆ ಹಾಕಿಕೊಂಡ ಮೇಲೆ ಕಿಟಕಿಗೆ ಬಗ್ಗಿ ಪಾಠ ಶುರು ಮಾಡಿದರು. "ಹ್ಯಾಂಡ್ ಬ್ರೇಕ್ ಹಾಕೇ ಇರ್ಲಿ. ಕ್ಲಚ್ ನಿಧಾನಕ್ಕೆ ಎತ್ತಿ. ಬಾನೆಟ್ ಮೂಗು ಎತ್ತುತ್ತೆ ನೋಡಿ, ಗಾಡಿ ಒಂಚೂರು ನಡುಗುತ್ತೆ. ಅಲ್ಲಿ ಕಾಲು ನಿಲ್ಲಿಸಿ. ಆಮೇಲೆ ಬ್ರೇಕ್ ಇಳಿಸಿ." ಮೇಷ್ಟ್ರೂ ಹೇಳಿದ್ದು ಇದನ್ನೇ, ನಾಲ್ಕು ಸಲ. ಮುನ್ನೂರು ಕೊಟ್ಟು ಕೇಳಿದಾಗ ತಲೆಗೆ ಹೋಯಿತು. ಅಂದಹಾಗೆ ಆಟೋದ ಕ್ಲಚ್ಚೂ ಗೇರೂ ಎಡಗೈಯಲ್ಲಿ. ದಿನಕ್ಕೆ ಎಷ್ಟು ಸಾವಿರ ಸಲ ಒತ್ತುತ್ತಾರೋ. ಆ ಮಣಿಕಟ್ಟನ್ನು ಅವತ್ತು ಮೊದಲ ಸಲ ಗಮನವಿಟ್ಟು ನೋಡಿದೆ.

ಅಲ್ಲೇ ಮಾಡಿದೆ. ಪೆಡಲ್ ಎತ್ತುತ್ತಾ ಬಂದಾಗ ಒಂದು ಜಾಗದಲ್ಲಿ ಇಂಜಿನ್ನಿನ ಸದ್ದು ತಗ್ಗಿತು. ದೊಡ್ಡ ಗಂಟು ಹೊತ್ತವರು ಉಸಿರು ಬಿಗಿಹಿಡಿಯುತ್ತಾರಲ್ಲ, ಹಾಗೆ. ಬಾನೆಟ್ ಒಂದಂಗುಲ ಎದ್ದಿತು. ಪಾದದ ಉಬ್ಬಿನ ಕೆಳಗೆ ಸಣ್ಣ ನಡುಕ. ಹ್ಯಾಂಡ್ ಬ್ರೇಕ್ ಇಳಿಸಿದೆ. ಕಾರು ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಏರಿನ ಮೇಲೆ ಬರೀ ನನ್ನ ಎಡಪಾದದ ಮೇಲೆ ನಿಂತಿತ್ತು. ಅಷ್ಟರಲ್ಲಿ ವಾಸನೆ ಬಂತು, ಸುಟ್ಟ ಕಾಗದಕ್ಕೂ ಸುಟ್ಟ ರಬ್ಬರಿಗೂ ನಡುವಿನ ಒಂದು ವಾಸನೆ. "ಪ್ಲೇಟ್ ಸುಡ್ತಿದ್ದೀಯ, ಹೊರಡು!" ಅಂದಳು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಏನೇನೋ ಓದುತ್ತಿದ್ದಾಗ ಬರ್ತಾ ಬೆಂಜ್ ಅನ್ನುವವಳ ಕಥೆ ಸಿಕ್ಕಿತು. ಕಾರ್ಲ್ ಬೆಂಜ್ ಮೂರು ಚಕ್ರದ ಮೋಟಾರು ಗಾಡಿಗೆ 1886ರಲ್ಲಿ ಪೇಟೆಂಟ್ ತೆಗೆದುಕೊಂಡ. ಕೊಳ್ಳುವವರಿಲ್ಲ. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಗಾಡಿ ಓಡಿಸಿಕೊಂಡು ಹೋದಳು. ಹೋದದ್ದು ಎಲ್ಲಿಗೆ ಅಂದರೆ ತವರಿಗೆ! ಸುಮಾರು 100 ಕಿ.ಮೀ. ದಾರಿ. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಬ್ರೇಕು ಸವೆದಾಗ ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ಏರು ಬಂದಾಗ ಮಾತ್ರ ಗಾಡಿ ಸೋತಿತು, ಇಳಿದು ತಳ್ಳಬೇಕಾಯಿತು. ವಾಪಸ್ ಬಂದ ಮೇಲೆ ಗಂಡನಿಗೆ ಹೇಳಿದ್ದು: ಏರಿಗೆ ಅಂತಲೇ ಇನ್ನೊಂದು ಗೇರು ಬೇಕು. ಅವನು ಹಾಕಿದ. ಪಕ್ಕದಲ್ಲಿ ಮಲಗಿದ್ದವಳನ್ನು ಎಬ್ಬಿಸಿ ಹೇಳಬೇಕು ಅನ್ನಿಸಿತು. ಎಬ್ಬಿಸಲಿಲ್ಲ, ಮಣಿಕಟ್ಟು ನೋಯುತ್ತಿತ್ತು ಅವಳಿಗೆ.

ಆ ಡಿಕ್ಕಿಯ ನಂತರ ನನಗೊಂದು ಚಟ ಹತ್ತಿತು. ಎಲ್ಲಿ ಹೋದರೂ ಏರು ಎಲ್ಲಿ, ಇಳಿಜಾರು ಎಲ್ಲಿ ಅಂತ ನೋಡುವುದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು ಅಂತ ಶಾಲೆಯಲ್ಲೇ ಓದಿದ್ದೆ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿ ಸೇರುತ್ತದೆ. ವೃಷಭಾವತಿ ಹುಟ್ಟುವುದು ದೊಡ್ಡ ಬಸವಣ್ಣನ ಕಾಲಬುಡದಲ್ಲಿ ಅಂತ ನಮ್ಮ ಕಡೆ ಹೇಳುತ್ತಾರೆ. ಇದೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು. ಈಗ ಅದೇ ವಿಷಯ ಎಡಗಾಲಿನಿಂದ ಮೇಲಕ್ಕೆ ಬರತೊಡಗಿತು. ಗವಿಪುರದಿಂದ ಕೆಂಪಾಂಬುಧಿ ಕೆರೆಯ ಕಡೆ ತಿರುಗಿದರೆ ಕಾರು ತಾನೇ ಇಳಿಯುತ್ತದೆ. ಇಳಿಯದೆ ಏನು, ಕೆರೆ ಕಟ್ಟಿಸಿದವರು ನೀರು ಬಂದು ನಿಲ್ಲುವ ಜಾಗದಲ್ಲೇ ತಾನೇ ಕಟ್ಟಿಸಿದ್ದು. ಗವಿಪುರದ ಪಕ್ಕದ ಗುಟ್ಟಹಳ್ಳಿಯ ಹೆಸರಿನಲ್ಲೇ ಗುಡ್ಡ ಇದೆ, ನಾನು ಕೇಳಿಸಿಕೊಂಡೇ ಇರಲಿಲ್ಲ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಹೊಟ್ಟೆಯಲ್ಲಿ. ಅಲ್ಲಿಂದ ಹೈಗ್ರೌಂಡ್ಸ್ ಕಡೆ ಹೊರಟರೆ ಥರ್ಡ್ ಗೇರು ಗುರ್ ಅನ್ನುತ್ತದೆ, ಸೆಕೆಂಡಿಗೆ ಬರಲೇಬೇಕು. ಹೈಗ್ರೌಂಡ್ಸ್ ಅಂತ ಹೆಸರಿಟ್ಟವರು ಸುಮ್ನೆ ಇಟ್ಟಿಲ್ಲ.

ಇನ್ನೊಂದು ಹೊಳೆಯಿತು. ನಮ್ಮ ನಲ್ಲಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರ ಹತ್ತಿ ಬರುತ್ತದೆ. ಹಂತ ಹಂತವಾಗಿ ಪಂಪು ಹಾಕಿ ತಳ್ಳುತ್ತಾರೆ. ಒಂಥರಾ ಫಸ್ಟ್ ಗೇರಲ್ಲೇ ಬಂದ ನೀರು. ಅದನ್ನು ನಾವು ಬೆಳಿಗ್ಗೆ ಬಾಗಿಲಿಗೆ ಚೆಲ್ಲುತ್ತೇವೆ, ಅದು ಬಂದ ದಾರಿ ಹುಡುಕಿಕೊಂಡು ಮತ್ತೆ ಕೆಳಗೆ ಹೊರಡುತ್ತದೆ.

ಇಳಿಜಾರಿನ ವಿಷಯದಲ್ಲಿ ಅಪ್ಪನಿಗೂ ಮೇಷ್ಟ್ರಿಗೂ ಆಗಿಬರುವುದಿಲ್ಲ. ಅಪ್ಪ ಸ್ಕೂಟರಿನಲ್ಲಿ ಗುಡ್ಡ ಇಳಿಯುವಾಗ ಇಂಜಿನ್ನೇ ಆಫ್ ಮಾಡುತ್ತಿದ್ದರು, ಪೆಟ್ರೋಲ್ ಉಳಿಯಲಿ ಅಂತ. ಸದ್ದಿಲ್ಲದೆ, ಗಾಳಿಗೆ ಕಣ್ಣು ಮುಚ್ಚಿಕೊಂಡು ಇಳಿಯುವುದು ನನಗೆ ಎಲ್ಲಕ್ಕಿಂತ ಇಷ್ಟದ ಆಟ. ಮೇಷ್ಟ್ರು ಇದನ್ನು ಕೇಳಿ ತಲೆ ಚಚ್ಚಿಕೊಂಡರು. "ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳೀಬೇಕು. ಘಾಟೀಲಿ ನ್ಯೂಟ್ರಲ್ ಮಾಡಿ ಇಳಿದೋರ ಲಾರಿ ಕೆಳಗೆ ಹಳ್ಳದಲ್ಲಿ ನೋಡಿದೀನಿ ಸಾರ್." ಇಂಜಿನ್ ಆಫ್ ಮಾಡಿದರೆ ಕಾರಿನ ಬ್ರೇಕು ಎರಡು ಮೂರು ಸಲ ಒತ್ತುವಷ್ಟರಲ್ಲಿ ಕಲ್ಲಾಗುತ್ತದೆ, ಅದಕ್ಕೆ ಬಲ ಕೊಡುವುದೇ ಇಂಜಿನ್. ಪೆಟ್ರೋಲ್ ಲೆಕ್ಕವೂ ಈಗ ತಿರುಗುಮುರುಗು. ಈಗಿನ ಇಂಜಿನ್ನುಗಳಲ್ಲಿ ಗೇರ್ ಹಾಕಿಯೇ ಇಳಿಯುತ್ತಾ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಪೂರ್ತಿ ನಿಲ್ಲುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೇ ಖರ್ಚು. ಅಪ್ಪನಿಗೆ ಹೇಳಿದೆ. "ಹೌದಾ?" ಅಂದರು, ನಂಬಿದ ಹಾಗೆ ಕಾಣಲಿಲ್ಲ.

ಆಟೋಮ್ಯಾಟಿಕ್ ಕಾರಿನ ಮೇಲೆ ನನಗೇನೂ ಸಿಟ್ಟಿಲ್ಲ. ಗೇರ್ ಗಾಡಿ ಓಡಿಸುವವರೇ ಗಂಡಸರು ಅನ್ನುವ ಮಾತು ಕೇಳಿದರೆ ನಗು ಬರುತ್ತದೆ, ನಮ್ಮ ಮನೆಯ ಚರಿತ್ರೆ ಗೊತ್ತಲ್ಲ. ಸಂಜೆ ಟೌನ್ ಹಾಲಿನಿಂದ ಕಾರ್ಪೊರೇಷನ್ ಸರ್ಕಲ್ ದಾಟುವಷ್ಟರಲ್ಲಿ ಎಡ ಮಂಡಿ ದೇವರನ್ನು ನೆನೆಯುತ್ತದೆ. 2014ರಲ್ಲಿ ಮಾರುತಿಯ ಸೆಲೆರಿಯೊ ತಾನೇ ಗೇರು ಬದಲಿಸುವ ಎಎಂಟಿ ಹಾಕಿಕೊಂಡು ಬಂದ ಮೇಲೆ ಸಣ್ಣ ಕಾರಿನಲ್ಲೂ ಎಡಗಾಲಿಗೆ ರಜೆ ಸಿಕ್ಕಿತು. ಅದರೊಳಗೂ ಇರುವುದು ಇದೇ ಕ್ಲಚ್ಚು, ಇದೇ ಗೇರು. ಒತ್ತುವುದು, ಬಿಡುವುದು ಯಂತ್ರದ ಕೆಲಸ. ಮೇಷ್ಟ್ರ ಕಾಲು ಕಾಯಂ ಆಗಿ ಪಕ್ಕದಲ್ಲಿದ್ದ ಹಾಗೆ. ನಮ್ಮ ಮುಂದಿನ ಕಾರು ಅದೇ ಆಗಿರುತ್ತದೆ, ಅವಳ ಮಣಿಕಟ್ಟು ಅಷ್ಟೊಂದು ಸರಿಹೋಗಿಲ್ಲ. ಆದರೆ ಮೊದಲೇ ಅದನ್ನು ತಗೊಂಡಿದ್ದರೆ ಬಾಗಿಲಿನ ನೀರು ಯಾವ ಕಡೆ ಹರಿಯುತ್ತದೆ ಅಂತ ನಾನು ಬಗ್ಗಿ ನೋಡುತ್ತಿರಲಿಲ್ಲ.

ಟೆಸ್ಟಿನ ದಿನ ಬಂತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೆಯದು ಟೆಸ್ಟಿನಲ್ಲಿ ಏನೇನು ಮಾಡಿ ತೋರಿಸಬೇಕು ಅಂತ ಹೇಳುತ್ತದೆ. ಅದರಲ್ಲಿ ಒಂದು, ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಮತ್ತೆ ಹೊರಡುವುದು. ಅದನ್ನು ಓದಿದ ದಿನದಿಂದ ಊಟ ಸೇರಿರಲಿಲ್ಲ. ಹೋಗಿ ನೋಡಿದರೆ ಟ್ರ್ಯಾಕಿನಲ್ಲಿದ್ದ ಸಿಮೆಂಟಿನ ದಿಬ್ಬ ಹನುಮಂತನಗರದ ಯಾವ ಕ್ರಾಸಿಗೂ ಸಮ ಇರಲಿಲ್ಲ. ನನ್ನ ಮುಂದಿದ್ದ ಹುಡುಗ ಅದರ ಮೇಲೆ ಎರಡು ಸಲ ಜಾರಿದ. ನನ್ನ ಸರದಿ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಇದೆಲ್ಲ ಆಗುವ ಹೊತ್ತಿಗೆ ಅವಳ ಪ್ಲಾಸ್ಟರ್ ಬಿಚ್ಚಿ ಹತ್ತು ದಿನವಾಗಿತ್ತು.

ಆದರೂ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಕೆಲಸ ನಾನೇ ಉಳಿಸಿಕೊಂಡೆ. ಹೋದ ತಿಂಗಳು ಶನಿವಾರ ಬಿತ್ತು. ವಾಪಸ್ ಬರುವಾಗ ಅಮ್ಮ, "ಹಾಗೇ ಗುಡ್ಡಕ್ಕೆ ಹೋಗಿ ಬರೋಣ, ಎಷ್ಟು ದಿನ ಆಯ್ತು" ಅಂದರು. ಅಪ್ಪ ಮುಂದೆ, ಅಮ್ಮ ಹಿಂದೆ. ಏರು ಶುರುವಾಯಿತು. ಸೆಕೆಂಡಿಗೆ ಬಂದೆ. ಅಪ್ಪ ಸುಮ್ಮನೆ ನನ್ನ ಎಡಗೈಯನ್ನೇ ನೋಡುತ್ತಿದ್ದರು. ಅರ್ಧ ಹತ್ತಿದ್ದೆವು, ಮೇಲಿನಿಂದ ನೀರಿನ ಟ್ಯಾಂಕರ್ ಒಂದು ಇಳಿಯುತ್ತಾ ಬಂತು. ಇಬ್ಬರಿಗೂ ಜಾಗವಿಲ್ಲ. ಪಕ್ಕಕ್ಕೆ ಒತ್ತಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದೆ. ಟ್ಯಾಂಕರಿನಿಂದ ಸೋರಿದ ನೀರು ಗೆರೆಗೆರೆಯಾಗಿ ನಮ್ಮ ಕಡೆಗೆ ಹರಿದು ಬರುತ್ತಿತ್ತು. ಟ್ಯಾಂಕರ್ ದಾಟಿತು. ಫಸ್ಟ್ ಹಾಕಿ ಕ್ಲಚ್ಚು ಎತ್ತತೊಡಗಿದೆ. ಇಂಜಿನ್ನಿನ ಸದ್ದು ತಗ್ಗಿತು, ಬಾನೆಟ್ ನಡುಗಿತು.

ಹಿಂದಿನ ಬಾಗಿಲು ಕಟಕ್ ಅಂದ ಸದ್ದಾಯಿತು. ಕನ್ನಡಿಯಲ್ಲಿ ನೋಡಿದೆ. ಅಮ್ಮ ಒಂದು ಕೈಯಲ್ಲಿ ಬಾಗಿಲಿನ ಹಿಡಿ, ಇನ್ನೊಂದರಲ್ಲಿ ಸೆರಗು ಹಿಡಿದುಕೊಂಡು ಸೀಟಿನ ತುದಿಗೆ ಬಂದಿದ್ದರು.

"ಇಳೀಲೇನೋ?"

"ಬೇಡ, ಕೂತ್ಕೊಳಮ್ಮ" ಅಂದೆ. ಅವರು ಬಾಗಿಲು ಎಳೆದುಕೊಳ್ಳುವವರೆಗೆ ಕ್ಲಚ್ಚನ್ನು ಅಲ್ಲೇ ಹಿಡಿದುಕೊಂಡಿದ್ದೆ.